ಲಿಫ್ಟ್ ತಾತನ ಒಬ್ಬರೇ ಓದುಗರು

"ಹದಿಮೂರು ಕೋಟಿ ನಲವತ್ತೆರಡು ಲಕ್ಷದ ಹದಿನೇಳು ಸಾವಿರದ ಏಳುನೂರ ಇಪ್ಪತ್ತೆಂಟು!" ಚೂಟಿ ಒಂದೇ ಉಸಿರಿಗೆ ಓದಿ ಮುಗಿಸಿದಳು.

"ಕೆಜಿನಾ?" ತಾತ ಗಾಬರಿಯಿಂದ ಕೇಳಿದರು.

"ಕೆಜಿ ಅಲ್ಲ ತಾತ, ಬೈಟ್ಸ್. ಅಷ್ಟೂ ಮೆಮೊರಿ ಮುಗಿದುಹೋಯ್ತಂತೆ. ಫೇಟಲ್ ಎರರ್ ಅಂತ ಬರ್ತಿದೆ."

ತಾತ ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರ್ ಹತ್ತಿರ ಮುಖ ತಂದರು. ದಿನಾ ಅವರ ಬ್ಲಾಗ್ ಕಾಣುತ್ತಿದ್ದ ಜಾಗದಲ್ಲಿ ಇವತ್ತು ಬರೀ ಬಿಳಿ. ಮೇಲ್ಗಡೆ ಎರಡು ಸಾಲು ಇಂಗ್ಲಿಷ್, ಅಷ್ಟೆ.

"ನಾನೇನೂ ಮುಟ್ಟಿಲ್ಲಪ್ಪ," ಎಂದರು ತಾತ. ಹೋಂವರ್ಕ್ ಮರೆತ ದಿನ ಚೂಟಿ ಟೀಚರ್ ಮುಂದೆ ಹೇಗೆ ನಿಲ್ಲುತ್ತಾಳೋ, ಥೇಟ್ ಹಾಗೇ ನಿಂತಿದ್ದರು.

ತಾತ ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಬೀದಿಯಲ್ಲಿ ಎಲ್ಲರೂ ಕರೆಯುವುದೇ ಲಿಫ್ಟ್ ತಾತ ಅಂತ. ಕೆಲಸದಿಂದ ನಿವೃತ್ತರಾದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ದಿನಕ್ಕೊಂದು ಲಿಫ್ಟಿನ ಕತೆ ಬರೆಯತೊಡಗಿದರು. ನಾಲ್ಕನೇ ಮಹಡಿ ಬಂದರೆ ಸಾಕು ಕೆಮ್ಮುವ ಲಿಫ್ಟ್, ಬೆಕ್ಕೊಂದು ದಿನವಿಡೀ ಮೇಲೆ ಕೆಳಗೆ ಓಡಾಡಿದ ಲಿಫ್ಟ್, ಹೀಗೆ.

ಬ್ಲಾಗ್ ಎಲ್ಲೋ ಇನ್ಯಾರದೋ ಕಂಪ್ಯೂಟರಿನಲ್ಲಿ ಇರುವುದು ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. "ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋಕೆ ನನ್ನ ಕೈಗೆ ಸಿಗ್ಬೇಕು" ಎಂದು ಹಟ ಹಿಡಿದಿದ್ದರು. ಅದಕ್ಕೇ ಅವರ ಮಗ, ಚೂಟಿಯ ಮಾವ, ತನ್ನ ಹಳೇ ಕಂಪ್ಯೂಟರನ್ನು ತಂದು ಮುಂದಿನ ಕೋಣೆಯಲ್ಲಿ ಚಪ್ಪಲಿ ಗೂಡಿನ ಪಕ್ಕ ಕೂರಿಸಿ ಹೋಗಿದ್ದ. ಯಾರು ಎಲ್ಲಿ ಕೂತು ಓದಿದರೂ ಗುಂಯ್ ಅನ್ನಬೇಕಾದದ್ದು ಈ ಡಬ್ಬವೇ.

ಚೂಟಿ ಮಾವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಷ್ಟೇನಾ?" ಎಂದ ಮಾವ. "ಲಿಮಿಟ್ ಜಾಸ್ತಿ ಮಾಡಿಬಿಡು. ಒಂದು ಫೈಲಲ್ಲಿ ನೂರ ಇಪ್ಪತ್ತೆಂಟು ಎಂಬಿ ಅಂತ ಇರುತ್ತೆ, ಆ ಹದಿಮೂರು ಕೋಟಿ ಅಂದ್ರೆ ಅದೇ. ಅದನ್ನ ಇನ್ನೂರ ಐವತ್ತಾರು ಅಂತ ಮಾಡು, ಮುಗೀತು."

"ತಡಿ, ತಡಿ," ಎಂದರು ತಾತ. "ಲಿಮಿಟ್ ಅಂದ್ರೆ ಏನು?"

"ಒಂದು ಪೇಜ್ ತೋರಿಸೋಕೆ ಇಷ್ಟೇ ಮೆಮೊರಿ ಬಳಸ್ಬೇಕು ಅಂತ ಒಂದು ಮಿತಿ ಇರುತ್ತೆ ಅಪ್ಪ. ಅದು ದಾಟಿದ್ರೆ ನಿಂತುಬಿಡುತ್ತೆ."

ತಾತನ ಮುಖ ಅರಳಿತು. "ಓವರ್‌ಲೋಡ್ ಅನ್ನು! ಲಿಫ್ಟಲ್ಲಿ 'ಎಂಟು ಜನ ಮಾತ್ರ' ಅಂತ ಬೋರ್ಡ್ ಇರುತ್ತೆ. ಒಂಬತ್ತನೆಯವನು ಕಾಲಿಟ್ರೆ ಕುಂಯ್ ಅಂತ ಕೂಗುತ್ತೆ. ಬಾಗಿಲು ಹಾಕ್ಕೊಳಲ್ಲ."

"ಹೂಂ ಅಪ್ಪ, ಅದೇ."

"ಅದಕ್ಕೆ ನೀನು ಬೋರ್ಡ್ ಅಳಿಸಿ 'ಹದಿನಾರು ಜನ' ಅಂತ ಬರಿ ಅಂತೀಯಲ್ಲೋ! ಬೋರ್ಡ್ ಬದಲಾಯಿಸಿದ್ರೆ ಹಗ್ಗ ದಪ್ಪ ಆಗುತ್ತೇನೋ?"

"ಆಗಲ್ಲ ಅಪ್ಪ," ಎಂದ ಮಾವ, ತಲೆ ಕೆರೆದುಕೊಳ್ಳುತ್ತಿದ್ದಾನೆ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ಆ ಕಂಪ್ಯೂಟರ್ ಹಳೇದು. ಅದರಲ್ಲಿರೋ ಮೆಮೊರೀನೇ ಕಮ್ಮಿ."

"ಹಾಗಾದ್ರೆ ಮೊದಲು ಒಳಗೆ ಯಾರ್ಯಾರು ಹತ್ತಿದಾರೆ ನೋಡ್ಬೇಕು."

ಮಾವ ಹೇಳುತ್ತ ಹೋದ ಹಾಗೆ ಚೂಟಿ ಸೆಟ್ಟಿಂಗ್ಸ್ ತೆರೆದಳು. ಒಂದು ಪುಟದಲ್ಲಿ ಎಷ್ಟು ಕತೆ ಎಂಬ ಪ್ರಶ್ನೆಯ ಎದುರು 'ಎಲ್ಲಾ' ಎಂದಿತ್ತು.

"ತಾತ! ಸಾವಿರದ ಇನ್ನೂರ ಹನ್ನೆರಡು ಕತೆ ಒಂದೇ ಸಲ ಹತ್ತಿಕೊಂಡಿವೆ!"

"ಯಾವನು ಹಾಗೆ ತುಂಬಿದ್ದು?"

"ನೀನೇ. ಎಲ್ಲಾ ಒಂದೇ ಕಡೆ ಇರ್ಲಿ, ಗ್ರೌಂಡ್ ಫ್ಲೋರಿಂದ ಶುರುವಾಗ್ಲಿ ಅಂದಿದ್ದೆ. ಅದಕ್ಕೇ ಹಳೇ ಕತೆ ಮೇಲೆ, ಹೊಸದು ಕೊಟ್ಟಕೊನೆಗೆ."

ತಾತ ಪೆಚ್ಚಾಗಿ ನಕ್ಕರು. ಅಷ್ಟರಲ್ಲಿ ಅಜ್ಜಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಕೆಟ್ಟಿದ್ದೇ ಒಳ್ಳೇದಾಯ್ತು ಬಿಡಿ. ಯಾರ್ರೀ ಓದೋರು ನಿಮ್ಮ ಲಿಫ್ಟ್ ಪುರಾಣ? ಅದಕ್ಕೂ ರೆಸ್ಟ್, ನಿಮಗೂ ರೆಸ್ಟ್."

"ಓದ್ತಾರೆ ಕಣೇ. ದಿನಾ ಬೆಳಿಗ್ಗೆ ಒಬ್ಬರು ಓದ್ತಾರೆ," ಎಂದರು ತಾತ. ಈ ಕಂಪ್ಯೂಟರ್ ಬಿಟ್ಟು ಬೇರೆ ಕಡೆಯಿಂದ ಬಂದು ಓದಿದವರ ಸಂಖ್ಯೆ ತೋರಿಸುವ ಚಿಕ್ಕ ಚೌಕ ಬ್ಲಾಗಿನಲ್ಲಿತ್ತು. ಅದರಲ್ಲಿ ದಿನವೂ ಒಂದು. ಎರಡಾದದ್ದಿಲ್ಲ, ಸೊನ್ನೆಯೂ ಆದದ್ದಿಲ್ಲ.

"ಓಹೋ, ಒಬ್ಬರು!" ಅಜ್ಜಿ ಮೂಗು ಮುರಿದು ಒಳಗೆ ಹೋದಳು.

ಚೂಟಿ 'ಎಲ್ಲಾ' ತೆಗೆದು 'ಹತ್ತು' ಎಂದು ಹಾಕಿದಳು. ಬ್ಲಾಗ್ ತಟ್ಟನೆ ಎದ್ದು ಕೂತಿತು! ಮೊದಲ ಪುಟದಲ್ಲಿ ಮೊದಲ ಹತ್ತು ಕತೆ, ಕೆಳಗೆ ಮುಂದಿನ ಪುಟಕ್ಕೆ ಹೋಗಲು ಒಂದು ಪುಟಾಣಿ ಬಾಣದ ಗುರುತು. ತಾತ ಅವಳ ಬೆನ್ನು ತಟ್ಟಿ "ಭಲೇ ಮೆಕ್ಯಾನಿಕ್" ಎಂದರು. ಆ ರಾತ್ರಿ ಚೂಟಿ ಊಟ ಮಾಡುವಾಗಲೂ ನಗುತ್ತಲೇ ಇದ್ದಳು.

ಮಾರನೇ ದಿನ ಚೌಕದಲ್ಲಿ ಒಂದು ಇತ್ತು. ಅದರ ಮಾರನೇ ದಿನ ಸೊನ್ನೆ. ಆಮೇಲೆ ಮತ್ತೆ ಸೊನ್ನೆ.

ಆ ಸಂಜೆ ಚೂಟಿ ಸ್ಕೂಲಿಂದ ಬಂದಾಗ ತಾತ ಕಂಪ್ಯೂಟರ್ ಮುಂದೆ ಇರಲಿಲ್ಲ. ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದರು.

"ಇವತ್ತಿನ ಕತೆ ಬರೆದ್ಯಾ ತಾತ?"

"ಇಲ್ಲ ಮಗು. ಇದ್ದವರೇ ಒಬ್ಬರು. ಅವರೂ ಇಳಿದು ಹೋದ್ರು. ಖಾಲಿ ಲಿಫ್ಟ್ ಯಾಕೆ ಓಡಿಸ್ಬೇಕು? ಭಾನುವಾರ ನಿಮ್ಮ ಮಾವ ಬಂದ್ರೆ ಕಂಪ್ಯೂಟರ್ ವಾಪಸ್ ತಗೊಂಡು ಹೋಗು ಅಂತೀನಿ."

ಚೂಟಿ ಕಂಪ್ಯೂಟರ್ ಮುಂದೆ ಕೂತಳು. 'ಹತ್ತು' ಎಂದು ಹಾಕಿದ್ದು ತಾನೇ. ತಾನು ಸರಿ ಮಾಡಲು ಹೋಗಿ ಏನಾದರೂ ಕೆಡಿಸಿಬಿಟ್ಟೆನಾ? ಎಲ್ಲ ಪುಟಗಳನ್ನೂ ಒತ್ತಿ ಒತ್ತಿ ನೋಡಿದಳು. ಎಲ್ಲವೂ ತೆರೆಯುತ್ತಿದ್ದವು. ಅಳು ಬಂದ ಹಾಗಾಯಿತು. ಎದ್ದು ಅಡುಗೆಮನೆಗೆ ಹೋದಳು.

ಅಜ್ಜಿ ಬೀನ್ಸ್ ನಾರು ತೆಗೆಯುತ್ತ ಕೂತಿದ್ದಳು. ಎರಡು ದಿನದಿಂದ ಅವಳೂ ಯಾರನ್ನೂ ರೇಗಿಸಿರಲಿಲ್ಲ.

"ಚೂಟಿ," ಅಜ್ಜಿ ದನಿ ತಗ್ಗಿಸಿದಳು. "ನಿಮ್ಮ ತಾತ ಯಾಕೆ ಎಲ್ಲಾ ಅಳಿಸಿಬಿಟ್ರು?"

"ಏನನ್ನ?"

"ಬರೆದಿದ್ದನ್ನೆಲ್ಲ. ಹತ್ತೇ ಹತ್ತು ಉಳ್ಸಿದಾರೆ. ನಾನು ಏನೋ ತಮಾಷೆಗೆ ಪುರಾಣ ಅಂದೆ. ಅದನ್ನ ಅಷ್ಟು ಮನಸ್ಸಿಗೆ ಹಚ್ಕೋತಾರೆ ಅಂತ ಗೊತ್ತಿರ್ಲಿಲ್ಲ."

ಚೂಟಿಯ ಕಿವಿ ನೆಟ್ಟಗಾಯಿತು. "ಹತ್ತು ಅಂತ ನಿಂಗೆ ಹೇಗೆ ಗೊತ್ತು ಅಜ್ಜಿ?"

ಅಜ್ಜಿ ಒಂದು ಬೀನ್ಸನ್ನು ಬೇಕಿಲ್ಲದಿದ್ದರೂ ನಾಲ್ಕು ತುಂಡು ಮಾಡಿದಳು. ಆಮೇಲೆ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದ ಫೋನ್ ತೆಗೆದಳು. ತಾತ ಸ್ನಾನಕ್ಕೆ ಹೋದಾಗ, ಹಾಲು ಕಾಯಲು ಇಟ್ಟು, ದಿನಾ ಓದುತ್ತಿದ್ದಳಂತೆ. ಮೇಲಿನಿಂದ ಬೆರಳಲ್ಲಿ ತಳ್ಳುತ್ತ ತಳ್ಳುತ್ತ ಕೊಟ್ಟಕೊನೆಯ ತನಕ ಹೋದರೆ ಆವತ್ತಿನ ಕತೆ ಸಿಗುತ್ತಿತ್ತು.

"ಸಾವಿರದ ಇನ್ನೂರು ಕತೆ ದಾಟಿನಾ? ದಿನಾನಾ?"

"ಮತ್ತಿನ್ನೇನು? ಹೆಬ್ಬೆರಳು ನೋವು ಯಾಕೆ ಬಂತು ಅಂದ್ಕೊಂಡೆ?"

"ಓದ್ತೀನಿ ಅಂತ ತಾತನಿಗೆ ಹೇಳ್ಬಾರ್ದಿತ್ತಾ ಅಜ್ಜಿ!"

"ಹೇಳಿದ್ರೆ ಆಮೇಲೆ ಆ ಮನುಷ್ಯನ್ನ ಹಿಡಿಯೋರು ಯಾರು? ತಲೆ ಮೇಲೆ ಕೂತ್ಕೋತಾರೆ."

ಚೂಟಿ ಕೆಳಗಿನ ಬಾಣದ ಗುರುತು ತೋರಿಸಿದಳು. ಅಜ್ಜಿ ಅದನ್ನು ಸುಮ್ಮನೆ ಅಂದಕ್ಕೆ ಹಾಕಿದ ಡಿಸೈನ್ ಅಂದುಕೊಂಡಿದ್ದಳು. ಅದನ್ನು ಒತ್ತುತ್ತ ಹೋದರೂ ಕೊನೆಯ ಪುಟ ಬರುವುದು ನೂರ ಇಪ್ಪತ್ತೆರಡನೆಯದಾಗಿ.

"ನನ್ನ ಕೈಲಾಗಲ್ಲಮ್ಮ," ಎಂದಳು ಅಜ್ಜಿ. "ಅಳಿಸಿಲ್ಲ ಅಲ್ವಾ? ಅಷ್ಟು ಸಾಕು. ನಾನು ಅಂತ ಮಾತ್ರ ಹೇಳ್ಬೇಡ, ಆಯ್ತಾ?"

"ಆಯ್ತು." ಚೂಟಿ ಬಾಯಿಗೆ ಬೀಗ ಹಾಕುವ ಹಾಗೆ ಕೈ ತಿರುಗಿಸಿದಳು.

ಹೊರಗೆ ಬಂದರೆ ತಾತ ಇನ್ನೂ ಕಿಟಕಿಯ ಹತ್ತಿರವೇ ಇದ್ದರು. ಚೂಟಿಯ ಬಾಯಲ್ಲಿ ಮಾತು ತುಳುಕುತ್ತಿತ್ತು. ಒಂದು ಸಲ ನುಂಗಿಕೊಂಡಳು.

"ತಾತ, ಲಿಫ್ಟ್ ಐದನೇ ಮಹಡೀಲಿ ನಿಂತಿದ್ರೆ ಬಾಗಿಲು ಎಲ್ಲಿ ತೆರೆಯುತ್ತೆ?"

"ಐದರಲ್ಲೇ. ಇನ್ನೆಲ್ಲಿ ತೆರೆಯುತ್ತೆ?"

"ನಿನ್ನ ಬ್ಲಾಗ್ ಸಾವಿರದ ಇನ್ನೂರನೇ ಮಹಡೀಲಿ ನಿಂತಿದೆ. ಬಾಗಿಲು ಮಾತ್ರ ಗ್ರೌಂಡ್ ಫ್ಲೋರಲ್ಲಿ ತೆರೀತಿದೆ. ದಿನಾ ಬರೋರು ದಿನಾ ಮೆಟ್ಟಿಲು ಹತ್ತಬೇಕಾ? ಪಾಪ, ಅವರಿಗೆ ವಯಸ್ಸಾಗಿದ್ರೆ?"

ತಾತ ಕತ್ತು ಹೊರಳಿಸಿದರು. ಅವರೊಳಗಿನ ಮೆಕ್ಯಾನಿಕ್ ಈಗ ಎಚ್ಚರವಾಗಿದ್ದ. "ಹೌದಲ್ವಾ? ಅವರು ಬಂದು, ಹಳೇ ಹತ್ತು ನೋಡಿ, ವಾಪಸ್ ಹೋಗಿರ್ಬೋದು."

"ತಿರುಗಿಸಿ ಹಾಕ್ಲಾ? ಹೊಸದು ಮೊದಲು?"

ಗ್ರೌಂಡ್ ಫ್ಲೋರನ್ನು ಬಿಟ್ಟುಕೊಡುವುದು ತಾತನಿಗೆ ಸುಲಭವಾಗಲಿಲ್ಲ. ಕೊನೆಗೆ "ಹಾಕು, ಇದೊಂದು ಸಲ ಬರೆದು ನೋಡ್ತೀನಿ," ಎಂದರು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಅಜ್ಜಿ ಚೂಟಿಯನ್ನು ಅಲ್ಲಾಡಿಸಿ ಎಬ್ಬಿಸಿದಳು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಅಡುಗೆಮನೆಯಲ್ಲಿ ಫೋನ್ ಕೈಗೆ ಕೊಟ್ಟು, "ಓದು, ನನ್ನ ಕನ್ನಡಕ ಮಂಜಾಗಿದೆ," ಎಂದಳು.

ಈಗ ಎಲ್ಲಕ್ಕಿಂತ ಮೇಲೆ ಹೊಸ ಬರಹವಿತ್ತು. ಅದರಲ್ಲಿ ಲಿಫ್ಟೇ ಇರಲಿಲ್ಲ. ಚೂಟಿ ಪಿಸುದನಿಯಲ್ಲಿ ಓದಿದಳು.

"ಮಾನ್ಯ ಓದುಗರೇ, ತಾವು ಯಾರೆಂದು ನನಗೆ ತಿಳಿಯದು. ಬ್ಲಾಗ್ ಕೆಟ್ಟು ತಮಗೆ ತೊಂದರೆಯಾಯಿತು. ಕ್ಷಮಿಸಿ. ತಾವು ಬಾರದ ಎರಡು ದಿನ ನನಗೆ ಬರೆಯಲು ಕೈಯೇ ಬರಲಿಲ್ಲ. ಯಾವ ಕತೆ ಬರೆದರೆ ತಮಗೆ ಸಂತೋಷವಾದೀತು, ದಯವಿಟ್ಟು ತಿಳಿಸಿ."

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು. "ತಾವಂತೆ! ನಲವತ್ತೊಂದು ವರ್ಷದಲ್ಲಿ ನನ್ನನ್ನ 'ಲೇ, ಇವಳೇ' ಬಿಟ್ಟು ಬೇರೆ ಏನೂ ಕರೆದಿಲ್ಲ."

ನಗು ನಿಲ್ಲುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡಳು.

"ಉತ್ತರ ಕಳಿಸೋಕೆ ಬರುತ್ತಾ ಅದರಲ್ಲಿ?"

"ಹೂಂ, ಕಾಮೆಂಟ್ ಹಾಕ್ಬೋದು."

"ಹಾಗಾದ್ರೆ ಹಾಕು. ಬಟ್ಟೆ ಅಂಗಡಿ ಲಿಫ್ಟ್ ಕತೆ ಬರೀರಿ ಅಂತ ಹಾಕು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿ ಎರಡನೇ ಮಹಡಿ, ಮೂರನೇ ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡಿದ್ಳು. ಕರೆಂಟ್ ಇಲ್ಲ, ಕತ್ತಲೆ. ಹೊರಗಡೆ ಒಬ್ಬ ಮೆಕ್ಯಾನಿಕ್ ಇದ್ದ. ಅವಳು ಹೆದರ್ಬಾರ್ದು ಅಂತ, ರಿಪೇರಿ ಮಾಡ್ತಾ ಎರಡು ಗಂಟೆ ಬಾಯಿ ಮುಚ್ಚದೆ ಮಾತಾಡ್ದ."

ಚೂಟಿಯ ಬೆರಳು ಟೈಪ್ ಮಾಡುತ್ತ ಮಾಡುತ್ತ ನಿಧಾನವಾಯಿತು. "ಆ ಹುಡುಗಿ..."

"ಎಲ್ಲಾ ಲಿಫ್ಟಿನ ಕತೇನೂ ಬರೆದ್ರು," ಎಂದಳು ಅಜ್ಜಿ. "ಅದೊಂದನ್ನ ಬರೀಲಿಲ್ಲ. ಇವತ್ತು ಬಂದಿರ್ಬೋದು, ನಾಳೆ ಬರ್ಬೋದು ಅಂತ ದಿನಾ ನೋಡ್ತಿದ್ದೆ."

"ಅಜ್ಜಿ, ಇದನ್ನ ಕಳಿಸಿದ್ರೆ ತಾತನಿಗೆ ಗೊತ್ತಾಗಿಬಿಡುತ್ತೆ. ಯಾರು ಓದ್ತಿರೋದು ಅಂತ."

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅಜ್ಜಿ ಒಲೆಯ ಉರಿ ಸಣ್ಣ ಮಾಡಿದಳು.

"ಗೊತ್ತಾಗ್ಲಿ. ಕಳಿಸು."

ಚೂಟಿ ಕಳಿಸಿದಳು.

ಸ್ವಲ್ಪ ಹೊತ್ತಿಗೆ ತಾತ ಟವೆಲ್ಲಿನಲ್ಲಿ ತಲೆ ಒರೆಸುತ್ತ ಮುಂದಿನ ಕೋಣೆಗೆ ಹೋದರು. ಕುರ್ಚಿ ಎಳೆದ ಸದ್ದಾಯಿತು. ಚೂಟಿ ಕಿವಿಗೊಟ್ಟು ನಿಂತಳು. "ಲೇ, ಇವಳೇ" ಎಂದು ಕೂಗುತ್ತಾರೆ ಅಂದುಕೊಂಡಳು. ಕೂಗಲಿಲ್ಲ.

ಓಡಿ ಹೋಗಿ ತಾತನ ಮುಖ ನೋಡಬೇಕು ಅನ್ನಿಸಿತು. ಹೊಸ್ತಿಲಿನ ತನಕ ಹೋಗಿಯೂ ಹೋದಳು. ತಿರುಗಿ ನೋಡಿದರೆ ಅಜ್ಜಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಮುಂದಿನ ಕೋಣೆಯಿಂದ ಟಕ್, ಟಕ್ ಎಂದು ಕೀಬೋರ್ಡಿನ ಸದ್ದು ಕೇಳಿಸಿತು. ತಾತ ಒಂದೇ ಬೆರಳಿನಲ್ಲಿ ಬರೆಯುವುದು. ತುಂಬ ಹೊತ್ತು ಬೇಕಾಗುತ್ತದೆ.

ಚೂಟಿ ಬಾಗಿಲನ್ನು ಸದ್ದಾಗದ ಹಾಗೆ ಮುಂದೆ ಮಾಡಿ, ಬಂದು ಅಜ್ಜಿಯ ಪಕ್ಕ ನಿಂತುಕೊಂಡಳು.