ಮೂರನೆಯ ಹಂತದ ಕರೆ

ಮಾವನ ಕಫದ ಬಟ್ಟಲು ಕಂಡರೆ ಅವನು ಮೂಗು ಮುಚ್ಚಿ ಮುಖ ತಿರುಗಿಸುತ್ತಿದ್ದ. ಅದೇ ಅಳತೆಯ ಸ್ಟೀಲಿನ ಬಟ್ಟಲುಗಳು ಅಡುಗೆಮನೆಯಲ್ಲೂ ಇದ್ದುದರಿಂದ ಮನೆಯಲ್ಲಿ ಬಟ್ಟಲು ಮುಟ್ಟುವುದನ್ನೇ ಬಿಟ್ಟಿದ್ದ. ಮುದುಕ ಕೆಮ್ಮುತ್ತಿದ್ದ, ಕ್ಯಾಕರಿಸುತ್ತಿದ್ದ, ಉಗಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದ. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರೂ ನಾಲಿಗೆ ಮಾತ್ರ ಎದ್ದು ಓಡಾಡುತ್ತಿತ್ತು.

"ಅಳಿಯಂದ್ರೇ, ಮೂಗು ಮುಚ್ಕೊಂಡೇ ಬನ್ನಿ, ನಂಗೇನೂ ಬೇಜಾರಿಲ್ಲ. ಬರೋದಂತೂ ಬನ್ನಿ."

ಅವನು ಹೋಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದುಕೊಳ್ಳುತ್ತಿದ್ದ.

ಒಮ್ಮೆ ಹೆಂಡತಿಯ ಹತ್ತಿರ ಮಾತು ತೆಗೆದ. "ನಿಮ್ಮಪ್ಪನ್ನ ಎಲ್ಲಾದ್ರೂ ಒಳ್ಳೆ ಕಡೆ ಸೇರಿಸೋಣ."

"ವಾಸನೆ ಬರ್ತಿರೋದು ನಿಮಗೆ ತಾನೇ? ನೀವೇ ಹೋಗಿ ಸೇರ್ಕೊಳ್ಳಿ. ಸೋಪು ನಾನು ಕಳಿಸಿಕೊಡ್ತೀನಿ," ಎಂದಳು. ಹಾಗೆನ್ನುವಾಗ ಅವಳು ಅಪ್ಪನ ಒದ್ದೆ ಹಾಸನ್ನು ಬರಿಗೈಯಲ್ಲಿ ಸುತ್ತುತ್ತಿದ್ದಳು. ಅದೇ ಕೈಯಲ್ಲಿ ಇನ್ನು ತನಗೆ ಬಡಿಸುತ್ತಾಳೆ ಎಂದು ಅವನಿಗೆ ಹೊಳೆಯಿತು. ತೀರ್ಮಾನವಾದದ್ದು ಆಗಲೇ.

ಆಸ್ತಿಗಾಗಿ ಕೊಲ್ಲುವವರನ್ನು ಕಂಡರೆ ಅವನಿಗೆ ಅಸಹ್ಯ. ಅವನಿಗೆ ಬೇಕಾದದ್ದು ಮನೆ ಚೊಕ್ಕಟವಾಗುವುದು, ಅಷ್ಟೇ. ಬೆಂಕಿಗಿಂತ ಚೊಕ್ಕಟವಾಗಿ ಕೆಲಸ ಮಾಡುವವರು ಯಾರಿದ್ದಾರೆ?

ಬೆಂಕಿಯ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನದು ರೇಡಿಯೋ ರಿಪೇರಿ ಅಂಗಡಿ. ಅಗ್ನಿಶಾಮಕ ಇಲಾಖೆಯ ವಾಕಿಟಾಕಿಗಳೆಲ್ಲ ಕೆಟ್ಟರೆ ಅವನ ಮೇಜಿಗೇ ಬರುತ್ತಿದ್ದವು. ಒಂದನ್ನು ಇನ್ನು ಸರಿಹೋಗದು ಎಂದು ಹೇಳಿ ತಾನೇ ಇಟ್ಟುಕೊಂಡಿದ್ದ. ಬೇರೆಯವರು ಹಾಡು ಕೇಳುತ್ತ ಕೆಲಸ ಮಾಡಿದರೆ ಇವನು ಅದನ್ನು ಕೇಳುತ್ತ ಮಾಡುತ್ತಿದ್ದ. ಬೆಂಕಿಯ ಕರೆಗೆ ಮೂರು ಹಂತಗಳು. ಒಂದನೆಯ ಹಂತವೆಂದರೆ ಹತ್ತಿರದ ಠಾಣೆಯ ಗಾಡಿ ಮಾತ್ರ. ಎರಡನೆಯದಕ್ಕೆ ಅಕ್ಕಪಕ್ಕದ ಠಾಣೆಗಳೂ ಹೊರಡುತ್ತವೆ. ಮೂರೆಂದರೆ ಊರಿನ ಠಾಣೆಗಳೆಲ್ಲ ಖಾಲಿ. ಹಂತ ಏರಿದಷ್ಟೂ ಕಂಟ್ರೋಲ್ ರೂಮಿನ ಹೆಂಗಸಿನ ದನಿ ತಣ್ಣಗಾಗುತ್ತದೆ ಎನ್ನುವುದನ್ನೂ ಗಮನಿಸಿದ್ದ.

ತೊಡಕು ಒಂದೇ. ಒಂದು ಅಗ್ನಿಶಾಮಕ ಠಾಣೆ ಅವನ ಮನೆಯ ಹಿಂದಿನ ತಿರುವಿನಲ್ಲೇ ಇತ್ತು. ದಿಂಬು ಹೊತ್ತಿಕೊಳ್ಳುವ ಮೊದಲೇ ಗಾಡಿ ಬಂದು ನಿಲ್ಲುತ್ತಿತ್ತು. ಹಾಗಾಗಿ ಆ ಠಾಣೆ ಮೊದಲು ಖಾಲಿಯಾಗಬೇಕು. ಊರಿನ ಆಚೆ ತುದಿಯಲ್ಲಿ ಹಳೆಯ ಟೈರುಗಳ ಗುಡ್ಡೆಯಿತ್ತು. ಅದರ ಕಾವಲುಗಾರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವವನು.

ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಆ ಗುಡ್ಡೆಗೆ ಬೆಂಕಿಯಿಟ್ಟು, ಸ್ಕೂಟರಿನಲ್ಲಿ ಮನೆಗೆ ಬಂದು ಕಿವಿಗೆ ವಾಕಿಟಾಕಿ ಹಿಡಿದು ಕೂತ.

"ಟೈರು ಉರೀತಿದೆ. ಎರಡಕ್ಕೆ ಏರಿಸಿ," ಎಂದಿತು ಅಲ್ಲಿಗೆ ಮುಟ್ಟಿದ್ದ ಮೊದಲ ಗಾಡಿಯವನ ದನಿ.

"ಎರಡು. ಸರಿ."

ಸ್ವಲ್ಪ ಹೊತ್ತಿಗೆ, "ಗಾಳಿ ಎದ್ದಿದೆ ಮೇಡಂ, ಪಕ್ಕದಲ್ಲಿ ಮನೆಗಳಿವೆ. ಮೂರು ಮಾಡಿ."

"ಮೂರು. ಎಲ್ಲ ಠಾಣೆಗಳೂ ಹೊರಡಿ." ದನಿ ಮಡಕೆಯ ನೀರಿನಷ್ಟು ತಣ್ಣಗಿತ್ತು.

ಮನೆಯ ಹಿಂದೆ ಗಂಟೆ ಬಡಿಯಿತು. ಗಾಡಿಗಳು ಹೋದವು. ದಡ್ಡನಾಗಿದ್ದರೆ ಆಗಲೇ ಕಡ್ಡಿ ಗೀರುತ್ತಿದ್ದ. ಇವನು ಕಾದ. ಅಲ್ಲಿ ಪೈಪುಗಳು ಬಿಚ್ಚಿಕೊಳ್ಳಲಿ, ನೀರಿಗೆ ಕಟ್ಟಿಕೊಳ್ಳಲಿ. ಆಮೇಲೆ ಕರೆದರೂ ಯಾರೂ ತಟ್ಟನೆ ಹಿಂತಿರುಗಲಾರರು. ಸಾಕಷ್ಟು ಹೊತ್ತು ಕಾದು, ಒಂದು ಸಿಗರೇಟು ಹಿಡಿದು ಮಾವನ ಕೋಣೆಗೆ ಹೋದ. ಮುದುಕ ಕದ್ದು ಸೇದುವುದು ಬೀದಿಗೆಲ್ಲ ಗೊತ್ತಿತ್ತು.

"ಏನು ಅಳಿಯಂದ್ರೇ, ಸೂರ್ಯ ಇವತ್ತು ಯಾವ ದಿಕ್ಕಿಗೆ ಹುಟ್ಟಿದ? ನೀವೇ ತಂದು ಕೊಡ್ತಿದ್ದೀರಿ."

"ಸೇದಿ ಮಾವ. ಅವಳಿಗೆ ಹೇಳಲ್ಲ."

ಮುದುಕ ಕಣ್ಣು ಅರೆಮುಚ್ಚಿ ಹೊಗೆ ಎಳೆದ. ಗಲ್ಲದ ಮೇಲೆ ಒಣಗಿದ ಎಂಜಲು ಮಿರುಗುತ್ತಿತ್ತು. ಅವನು ಉಸಿರು ಬಿಗಿಹಿಡಿದು ಹಾಸಿಗೆಯ ಕಾಲಿನ ಕಡೆಗೆ ಬಗ್ಗಿ ಅಂಚಿಗೆ ಕಡ್ಡಿ ಮುಟ್ಟಿಸಿದ. ಆ ಕಾಲುಗಳಿಗೆ ಬಿಸಿ ತಿಳಿಯುವುದಿಲ್ಲ. ಬಾಗಿಲೆಳೆದುಕೊಂಡ, ಚಿಲಕ ಹಾಕಲಿಲ್ಲ. ಏಳಲಾರದವನಿಗೆ ಚಿಲಕ ಹಾಕಿ ಪೊಲೀಸರ ಬಾಯಿಗೆ ಬೀಳುವುದೇಕೆ?

ಬಚ್ಚಲಲ್ಲಿ ಬೆರಳ ಸಂದಿಗಳಿಗೆಲ್ಲ ಸೋಪು ಹಚ್ಚುತ್ತಿರುವಾಗ ಒಳಗಿನಿಂದ ದನಿ ಬಂತು. "ಅಳಿಯಂದ್ರೇ, ಏನೋ ಸುಟ್ಟ ವಾಸನೆ." ನಲ್ಲಿಯನ್ನು ಇನ್ನಷ್ಟು ತಿರುಗಿಸಿದ. ಇನ್ನು ಅಂಗಡಿಗೆ ಹೋಗಿ ಯಾವುದಾದರೊಂದು ಸೆಟ್ಟು ಬಿಚ್ಚಿಕೊಂಡು ಕೂತರಾಯಿತು. ಸುದ್ದಿ ಯಾರಾದರೂ ತಂದೇ ತರುತ್ತಾರೆ. ಕೈ ಒರೆಸಿಕೊಂಡು ಬೀದಿ ಬಾಗಿಲು ತೆರೆದ.

ಗೇಟಿಗೆ ಒತ್ತಿಕೊಂಡು ಒಂದು ಕೆಂಪು ಗಾಡಿ ನಿಂತಿತ್ತು, ಬಾಗಿಲ ಮೇಲೆ ಪಕ್ಕದೂರಿನ ಹೆಸರು. ಒಂದು ಊರಿನ ಠಾಣೆಗಳೆಲ್ಲ ಮೂರನೆಯ ಹಂತಕ್ಕೆ ಹೊರಟುಹೋದರೆ ಅವನ್ನು ಬರಿದಾಗಿ ಬಿಡುವುದಿಲ್ಲ. ನೆರೆಯೂರಿನ ಗಾಡಿ ಬಂದು ಕಾವಲು ನಿಲ್ಲುತ್ತದೆ. ಅದರ ಮಾತುಕತೆ ಆ ಊರಿನ ಚಾನಲ್ಲಿನಲ್ಲೇ ನಡೆಯುತ್ತದೆ, ಇವನ ಕಿವಿಯ ಸೆಟ್ಟಿಗೆ ಬರುವುದಿಲ್ಲ. ಹೊಸ ಜಾಗಕ್ಕೆ ಬಂದವರು ಮೊದಲು ಬೀದಿ ಸುತ್ತಿ ನೀರೆಲ್ಲಿ ಸಿಗುತ್ತದೆಂದು ನೋಡಿಕೊಳ್ಳುತ್ತಾರೆ. ಅವನು ಅಷ್ಟು ಹೊತ್ತು ಜಾಣತನದಿಂದ ಕಾದದ್ದು ಅವರು ದಾರಿ ಸವೆಸಿ ಇಲ್ಲಿಗೆ ಮುಟ್ಟಲು ಸರಿಹೋಗಿತ್ತು. "ಅಣ್ಣಾ, ಈ ಬೀದೀಲಿ ನೀರಿನ ವಾಲ್ವು ಎಲ್ಲಿದೆ?" ಎಂದು ಕೇಳುತ್ತಿದ್ದ ಗಾಡಿಯವನ ಕಣ್ಣು ಇವನ ಹೆಗಲು ದಾಟಿ ಹೊಗೆಯ ಮೇಲೆ ನಿಂತಿತು. ಇಬ್ಬರು ಇವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದರು. ಅವರು ಕೋಣೆಯ ಬಾಗಿಲು ತೆರೆದದ್ದೇ ಮುದುಕನ ದನಿ ಬೀದಿಗೆಲ್ಲ ಕೇಳಿಸಿತು: "ಬಂದ್ರಾ ಅಳಿಯಂದ್ರೇ? ನೀವೇ ಹಚ್ಚಿದ್ದು, ನೀವೇ ಆರಿಸಿ. ತುಂಬಾ ನಾರ್ತಿದೆ."