ಅಂಚು ತಿಕ್ಕದ ಪದಕ

"ಮೀನ್ ಕೊಯ್ದ ಕೈ ಮಾಡದ್ದ್ ಅಂತ ಯಾರ್ ಹತ್ರವೂ ಬಾಯಿ ಬಿಡ್ಬೇಡ, ಹೆಣ್ಣೆ. ಕೇಂಡ್ರೆ ಬೊಂಬಾಯಿಂದ ತರ್ಸದ್ದ್ ಅಂತ ನಾನ್ ಹೇಳ್ತೆ," ಎನ್ನುತ್ತಲೇ ತುಂಗಾ ಸೊಸೆಯ ಕೈಯಿಂದ ನೀಲಿ ಗಾಜಿನ ಪದಕವನ್ನು ಕಸಿದುಕೊಂಡರು.

ಶ್ರೀಲತಾ ಮರವಂತೆಯ ಮೀನುಗಾರರ ಮನೆಯವಳು. ರವಿರಾಜ್ ಮೆಚ್ಚಿ ಮದುವೆಯಾಗಿ ಯಡ್ತರೆಯ ಈ ಮನೆಗೆ ಕರೆತಂದು ಆರು ವರ್ಷವಾಗಿದ್ದರೂ ಅತ್ತೆಯ ಮೂಗಿನಿಂದ ಇನ್ನೂ ಮೀನಿನ ವಾಸನೆ ಹೋಗಿರಲಿಲ್ಲ. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಅವಳದೊಂದು ಕರೆಂಟಿನ ಕುಲುಮೆ ಇತ್ತು. ಬಣ್ಣದ ಗಾಜನ್ನು ಕೊಯ್ದು, ಒಂದರ ಮೇಲೊಂದು ಜೋಡಿಸಿ, ಕರಗಿ ಬೆಸೆಯುವಷ್ಟು ಕಾಯಿಸಿ, ಮುಚ್ಚಳ ತೆಗೆಯದೆ ನಿಧಾನವಾಗಿ ಆರಿಸಿ ಅವಳು ಪದಕ, ಓಲೆ ಮಾಡುತ್ತಿದ್ದಳು. ತುಂಗಾ ಅದನ್ನು 'ಬಾಟ್ಲಿ ಚೂರು' ಎಂದೇ ಕರೆಯುತ್ತಿದ್ದರು. ಆದರೆ ಇವತ್ತು ಅವರ ಮಗಳು ಪ್ರೇಕ್ಷಾಳ ನಿಶ್ಚಿತಾರ್ಥದ ಸೀರೆಗೆ ಒಪ್ಪುವಂಥದ್ದು ಮನೆಯಲ್ಲಿ ಬೇರೊಂದಿರಲಿಲ್ಲ.

"ಅತ್ತೆ, ಅದಿನ್ನೂ ಮುಗಿಲಿಲ್ಲ. ಅಂಚ್ ಹರಿತ ಇತ್ತ್, ತಿಕ್ಕಿ ನುಣ್ಣಗೆ ಮಾಡ್ಕ್..."

"ಗಂಡಿನ ಮನಿಯರ್ ಬಾಗ್ಲಿಗ್ ಬಂದ್ರ್. ನೀನ್ ಒಳ್ಗೇ ಇರ್."

ರವಿರಾಜ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಇವತ್ತೊಂದಿನ ಅಮ್ಮ ಹೇಳ್ದಾಂಗೆ ಮಾಡ್, ಮಾರಾಯ್ತಿ," ಎಂದ. ಇಂಥವನಿಗಾಗಿ ತಾನು ತವರಿನವರನ್ನೆಲ್ಲ ಎದುರು ಹಾಕಿಕೊಂಡೆನಲ್ಲ... ಶ್ರೀಲತಾಗೆ ತನ್ನ ಮೇಲೇ ಹೇಸಿಗೆಯಾಯಿತು.

ಬ್ರಹ್ಮಾವರದಿಂದ ಬಂದಿದ್ದ ಗಂಡಿನ ತಾಯಿ ಪ್ರೇಕ್ಷಾಳ ಕೊರಳಿನ ಪದಕ ಮೆಚ್ಚಿದಾಗ ತುಂಗಾ ಅದು ಬೊಂಬಾಯಿಯದೆಂದೇ ಹೇಳಿದರು. ಆ ತಾಯಿ ಹುಡುಗಿಗೆ ಹೂಮಾಲೆ ಹಾಕಿ, ಪ್ರೀತಿಯಿಂದ ಅಪ್ಪಿಕೊಂಡರು. ಹುಡುಗಿ ಚಿಟ್ಟನೆ ಚೀರಿದಳು. ಪದಕದ ಅಂಚು ಕುತ್ತಿಗೆಯನ್ನು ಗೀರಿತ್ತು. ಸೀರೆಯ ಮೇಲೆ ರಕ್ತ ಇಳಿಯುವುದನ್ನು ಕಂಡು ಶ್ರೀಲತಾ ಒಳಗಿನಿಂದ ಓಡಿಬಂದು ಪದಕ ಬಿಚ್ಚಿ, ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಳು.

"ಬೇಕಂತ್ಲೇ ಮಾಡಿದ್ಲ್ ಇವ್ಳ್!" ತುಂಗಾ ಸಭೆಯ ನಡುವೆಯೇ ಕಿರುಚಿದರು. "ನನ್ ಮಗಳ್ ಮೇಲಿನ ಹೊಟ್ಟೆಕಿಚ್ಚಿಗೆ ಚೂರಿ ಮಾಡಿ ಕೊಟ್ಟಿದ್ಲ್!"

ಗಂಡಿನ ತಾಯಿ ನಿಧಾನವಾಗಿ ತಿರುಗಿದರು. "ಹಾಂಗಾರೆ ಇದ್ ಬೊಂಬಾಯಿದ್ದಲ್ದಾ?"

ರವಿರಾಜ್ ನೆಲ ನೋಡುತ್ತಿದ್ದ. ಕೊನೆಗೆ ಪ್ರೇಕ್ಷಾಳೇ ಬಿಕ್ಕುತ್ತ ಹೇಳಿದಳು: "ಅತ್ಗೆ ಮಾಡದ್ದ್. ಇನ್ನೂ ಮುಗಿಲಿಲ್ಲ ಅಂದ್ರ್... ಅಮ್ಮನೇ ಕಸ್ಕಂಡದ್ದ್."

"ಮನಿ ಸೊಸೆ ಮಾಡದ್ದ್ ಅಂತ ಹೇಳುಕೆ ನಿಮ್ಗೆ ನಾಚ್ಕಿ ಆಯ್ತಾ?" ಗಂಡಿನ ತಾಯಿ ತುಂಗಾರನ್ನು ಕೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ, ಬರೀ ತಾತ್ಸಾರವಿತ್ತು. ಆಮೇಲೆ ಶ್ರೀಲತಾಳ ಕಡೆ ನೋಡಿ, "ಮದಿಗೆ ಬಂದ ನೆಂಟ್ರಿಗೆ ಉಡುಗೊರೆ ಕೊಡುಕೆ ಇಂಥದ್ದೇ ಮಾಡಿ ಕೊಡ್ ಮಗಾ," ಎಂದರು. ನಿಶ್ಚಿತಾರ್ಥ ನಿಲ್ಲಲಿಲ್ಲ.

ಮರುದಿನದಿಂದ ತುಂಗಾ ಬೇರೆಯೇ ರಾಗ ತೆಗೆದರು. ಬಂದವರನ್ನೆಲ್ಲ ಕೊಟ್ಟಿಗೆಗೆ ಕರೆತಂದು, "ನಮ್ ಸೊಸೆ ಕೈ ಕಾಣಿ, ನಾನೇ ಕಲಿ ಅಂದದ್ದ್," ಎನ್ನುವರು. ಆರು ವರ್ಷದ ಬೈಗುಳವನ್ನು ನುಂಗಿದ್ದ ಶ್ರೀಲತಾಗೆ ಈ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ.

ವಾರ ಕಳೆದ ಮೇಲೆ ಅವಳು ಬೈಂದೂರು ಪೇಟೆಯಲ್ಲಿ ಒಂದು ಕೋಣೆ ಗೊತ್ತುಮಾಡಿ ರಿಕ್ಷಾ ಕರೆಸಿದಳು. ರವಿರಾಜ್ ಕುಲುಮೆಯನ್ನು ರಿಕ್ಷಾದೊಳಗೆ ಎತ್ತಿಟ್ಟ.

"ನೀವೂ ಬನ್ನಿ. ಇಬ್ರೂ ಅಲ್ಲೇ ಸಂಸಾರ ಮಾಡ್ಕಂಡ್ ಇಪ್ಪ," ಎಂದಳು ಅವಳು.

ಅವನು ಮನೆಯ ಕಡೆ ನೋಡಿದ. "ಅಮ್ಮನ್ ಹತ್ರ ಒಂದ್ ಮಾತ್ ಕೇಂಡ್ ಬತ್ತೆ... ಎರಡ್ ನಿಮಿಷ."

ಅವನು ಜಗಲಿ ಹತ್ತಿ ಒಳಗೆ ಹೋಗುವವರೆಗೂ ಅವಳು ನೋಡುತ್ತಿದ್ದಳು. ಆಮೇಲೆ ರಿಕ್ಷಾ ಹತ್ತಿ, ಪಕ್ಕದ ಕುಲುಮೆಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಹೊರಡುವಂತೆ ರಿಕ್ಷಾದವನಿಗೆ ಹೇಳಿದಳು:

"ಹೋಪ, ಅಣ್ಣ."