ಅರ್ಧ ಗಂಟೆಯ ಕೆಸರು

ಮುನ್ನಾ ದಿನ ಫೋನ್ ಮಾಡಿ ಬರುವುದು ನೀರು ಪರೀಕ್ಷಿಸುವ ಲ್ಯಾಬಿನವರ ಪದ್ಧತಿ. ಮೇಧಿನಿ ಬೇಕೆಂದೇ ಮಾಡಲಿಲ್ಲ. ಯಗಚಿ ಹೊಳೆ ದಂಡೆಯ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೊಸದಾಗಿ ಬಂದ ಇಂಜಿನಿಯರ್ ಹೆಸರು ಓದಿದ ದಿನವೇ ನಿರ್ಧರಿಸಿದ್ದಳು: ವಿಜಯಸಾರಥಿಯನ್ನು ಹೇಳದೆ ಕೇಳದೆ ಹೋಗಿ ಹಿಡಿಯಬೇಕು.

ನಾಲ್ಕು ವರ್ಷದ ಹಿಂದೆ ಅವನು ಹೆಣ್ಣು ನೋಡಲು ಅವಳ ಮನೆಗೆ ಬಂದಿದ್ದ. ಅವಳು ಮಾಡಿದ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು, ತಟ್ಟೆಯ ಮೇಲಿಂದ ಕದ್ದು ನೋಡಿ ನಕ್ಕಿದ್ದ. ಅವನ ತಾಯಿ ಮಾತ್ರ, "ಕೊಳಚೆ ನೀರು ಪರೀಕ್ಷೆ ಮಾಡೋ ಕೈ. ನಮ್ಮದು ದೇವರ ನೈವೇದ್ಯ ಮಾಡೋ ಮನೆ" ಎಂದು ಎಲ್ಲರೆದುರೇ ಎದ್ದಿದ್ದರು. ಅವನು ತುಟಿ ಬಿಚ್ಚದೆ, ಬಗ್ಗಿ ಚಪ್ಪಲಿ ಹುಡುಕಿಕೊಂಡಿದ್ದ. ಆ ಮಾತನ್ನಾದರೂ ಮರೆತಾಳು, ಬಗ್ಗಿದ ಆ ಬೆನ್ನನ್ನು ಕ್ಷಮಿಸಿರಲಿಲ್ಲ.

ಈಗ ಅದೇ ಬೆನ್ನು ಕೊಳಚೆ ತೊಟ್ಟಿಯ ಮೇಲೆ ಬಗ್ಗಿತ್ತು. ಹೆಜ್ಜೆ ಸಪ್ಪಳಕ್ಕೆ ಅವನು ತಿರುಗಿದ.

"ನೀವು..."

"ಸ್ಯಾಂಪಲ್‌ಗೆ ಬಂದಿದೀನಿ. ಕೈ ಅದೇ, ಬದಲಾಗಿಲ್ಲ."

ಬೆಳಗಿನಿಂದ ಕರೆಂಟಿರಲಿಲ್ಲ. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ನಿಂತು, ನೀರು ಅರೆಬರೆ ಶುದ್ಧವಾಗಿ ಹೊಳೆಗೆ ಹರಿಯುತ್ತಿತ್ತು. ಮೇಧಿನಿಯ ಎದೆಯೊಳಗೆ ಹಬ್ಬ.

ಆಪರೇಟರ್ ಪುಟ್ಟಸ್ವಾಮಿ ಓಡಿಬಂದ. "ಮೇಡಂ, ಮೊನ್ನೇದು ಒಂದ್ ಬಾಟ್ಲಿ ತುಂಬ್ಸಿಟ್ಟಿವ್ನಿ, ತಿಳಿಯಾಗೈತೆ. ಅದನ್ನೇ ತಗಂಡೋಗಿ."

"ಅದನ್ನ ದಾಸವಾಳದ ಗಿಡಕ್ಕೆ ಹಾಕಿ, ಪುಟ್ಟಸ್ವಾಮಿ," ಎಂದ ವಿಜಯಸಾರಥಿ. ಅಂಗಿಯ ತೋಳು ಮಡಿಸಿ, ಹೊಳೆಗೆ ಹೋಗುವ ನೀರನ್ನು ತಾನೇ ಅವಳ ಬಾಟಲಿಗೆ ತುಂಬಿದ. ತೊಟ್ಟಿಯ ನೀರನ್ನು ಗಾಜಿನ ಸಿಲಿಂಡರಿಗೆ ಸುರಿದ.

ಕೆಸರು ತಳಕ್ಕಿಳಿಯುತ್ತದೆಯೇ ಎಂದು ಅರ್ಧ ಗಂಟೆ ಕಾದು ನೋಡಬೇಕು. ಸಿಲಿಂಡರನ್ನು ಅಲುಗಿಸುವಂತಿಲ್ಲ. ಇಬ್ಬರೂ ಅದರ ಆಚೆ ಈಚೆ ಕೂತರು. ಗಾಜಿನ ಹಿಂದೆ ಅವನ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು.

"ಮದುವೆಯಾಯ್ತಾ?" ಎಂದಳು.

"ಇಲ್ಲ. ನಿಮಗೆ?"

"ಪರೀಕ್ಷೆಗೆ ಸಂಬಂಧಪಟ್ಟದ್ದು ಮಾತ್ರ ಕೇಳಿ."

"ಮೊದಲು ಕೇಳಿದ್ದು ನೀವೇ ಕಣ್ರೀ."

ನಗಲು ಹೊರಟ ತುಟಿಯನ್ನು ಅವಳು ಕಚ್ಚಿ ಹಿಡಿದಳು.

ಅರ್ಧ ಗಂಟೆ ಕಳೆಯಿತು. ನೀರು ಕದಡಿಯೇ ಇತ್ತು. "ಫೇಲ್," ಎಂದಳು. "ನಿಮಗೆ ನೋಟಿಸ್ ಬರುತ್ತೆ. ಕೆಲಸಾನೂ ಹೋಗಬಹುದು."

"ಹೋಗಲಿ. ಜನರೇಟರ್ ಕೊಡಿ ಅಂತ ಮೂರು ಸಲ ಬರೆದೆ. ಹಳೇ ರಿಪೋರ್ಟ್ ಚೆನ್ನಾಗೇ ಇದೆಯಲ್ಲ ಅಂದ್ರು ಮೇಲಿನೋರು. ಕೆಳಗಿನ ಹಳ್ಳಿಯೋರು ಇದೇ ಹೊಳೇಲಿ ದನಕ್ಕೆ ನೀರು ಕುಡಿಸ್ತಾರೆ. ಇದ್ದದ್ದು ಇದ್ದ ಹಾಗೆ ಬರೀರಿ."

ಪೆನ್ನು ನಿಂತಿತು. ನಾಲ್ಕು ವರ್ಷ ಮಸೆದ ಕತ್ತಿಗೆ ಇವನು ತಾನೇ ಕೊರಳು ಚಾಚಿದರೆ ಸೇಡಿಗೆ ರುಚಿಯೆಲ್ಲಿ?

"ಅವತ್ತು ಯಾಕೆ ಹೀಗೆ ಬಾಯಿ ಬಿಡಲಿಲ್ಲ?"

"ಹೆದರಿದ್ದೆ. ನೀವು ತುಂಬಾ ಇಷ್ಟವಾಗಿದ್ರಿ. ಹೇಳಬೇಕಾದ ಹೊತ್ತಲ್ಲಿ ಹೇಳಲಿಲ್ಲ. ಅದಕ್ಕೇ ಈ ಕೊಳಚೆ ಕೆಲಸಾನೇ ಕೇಳಿ ಹಾಕಿಸಿಕೊಂಡೆ. ಈಗ ಅಮ್ಮ ನನಗೂ ನೈವೇದ್ಯದ ಪಾತ್ರೆ ಮುಟ್ಟಿಸಲ್ಲ."

ಮೇಧಿನಿ ಫೇಲ್ ಎಂದೇ ಬರೆದು ಸಹಿ ಹಾಕಿದಳು. ಅದು ಹೊಳೆಯ ಲೆಕ್ಕ. ಅವಳದು ಇನ್ನೂ ಬಾಕಿಯಿತ್ತು.

"ಭಾನುವಾರ ಅಪ್ಪನ ಜೊತೆ ನಿಮ್ಮನೆಗೆ ಗಂಡು ನೋಡೋಕೆ ಬರ್ತೀನಿ. ಕೇಸರಿಬಾತ್ ನೀವೇ ಮಾಡಬೇಕು, ಈ ಕೈಯಲ್ಲೇ. ನಿಮ್ಮಮ್ಮನ ಎದುರೇ ತಟ್ಟೆ ತಂದುಕೊಡಬೇಕು. ಅರ್ಧ ಗಂಟೆ ನಾನು ಮಾತಾಡಲ್ಲ, ಸುಮ್ಮನೆ ನೋಡ್ತೀನಿ. ನೀವು ಅಲ್ಲಾಡೋ ಹಾಗಿಲ್ಲ."

"ಆಮೇಲೆ?"

"ಎರಡನೇ ಸಲ ಹಾಕಿಸಿಕೊಂಡರೆ ಅರ್ಥ ಮಾಡ್ಕೊಳ್ಳಿ."

ಬಾಟಲಿ ಎತ್ತಿಕೊಂಡು ಹೊರಟವಳು ಗೇಟಿನ ಬಳಿ ತಿರುಗಿದಳು.

"ದ್ರಾಕ್ಷಿ ಜಾಸ್ತಿ ಹಾಕಿ."